ಕಡ್ಲೆಕಾಯಿ ಗಿಡದ ಬುಡದಲ್ಲಿ ಬಿಳಿ ದಾರ, ಸಾಸಿವೆಯಂಥ ಕಾಳು: ಏನು ಮಾಡೋದು?

ಪ್ರಶ್ನೆ (ಕುಶಾಲನಗರ ಕಡೆಯ ರೈತರು): ಸರ್, ಅರ್ಧ ಎಕರೆ ಕಡ್ಲೆಕಾಯಿ ಹಾಕಿದ್ದೇನೆ. ಈಗ ಕಾಯಿ ಕಟ್ಟುವ ಸಮಯ. ಅಲ್ಲಲ್ಲಿ ಗುಂಪುಗುಂಪಾಗಿ ಗಿಡ ಬಾಡುತ್ತಿವೆ. ಬುಡದಲ್ಲಿ ಬಿಳಿ ದಾರ, ಸಾಸಿವೆಯಂಥ ಕಂದು ಕಾಳು. ಹೋದ ವರ್ಷ ಅಲ್ಲಿ ಟೊಮೆಟೊ ಇತ್ತು. ಅಂಗಡಿಯವರು ಯೂರಿಯಾ ಹಾಕಿ ಅಂದರು.

ಉತ್ತರ (ಸಸ್ಯರೋಗ ತಜ್ಞ): ಯೂರಿಯಾ ಬೇಡ, ಇದು ಗೊಬ್ಬರದ ಕೊರತೆ ಅಲ್ಲ. ನೀವು ಹೇಳುವ ಲಕ್ಷಣ ಬುಡ ಕೊಳೆ ರೋಗದ್ದು. ಸ್ಕ್ಲಿರೋಷಿಯಂ ರಾಲ್ಫ್ಸಿ ಎಂಬ ಶಿಲೀಂಧ್ರ. ಆ ಕಾಳುಗಳೇ ಅದರ ಬೀಜ ಇದ್ದ ಹಾಗೆ, ವರ್ಷಗಟ್ಟಲೆ ಮಣ್ಣಲ್ಲಿ ಬದುಕುತ್ತವೆ. ಟೊಮೆಟೊಗೂ ಇದೇ ರೋಗ ಬರುತ್ತದೆ. ಬುಡದಲ್ಲಿ ಕಪ್ಪು ಪುಡಿ ಕಂಡಿದ್ದರೆ ಅದು ಬೇರೆ, ಆಸ್ಪರ್ಜಿಲಸ್ ನೈಗರ್ ಎಂಬ ಇನ್ನೊಂದು ಶಿಲೀಂಧ್ರದ ಕತ್ತು ಕೊಳೆ. ಅದು ಹೆಚ್ಚಾಗಿ ಎಳೆ ಸಸಿಗೆ ಬರುತ್ತದೆ.

ಬಾಡಿದ ಗಿಡಗಳನ್ನು ಬುಡದ ಮಣ್ಣಿನ ಸಮೇತ ಕಿತ್ತು ಹೊರಗೆ ಒಯ್ದು ಸುಡಿ. ಸುತ್ತಲಿನ ಗಿಡಗಳ ಬುಡಕ್ಕೆ ಟೆಬುಕೊನಜೋಲ್ (ಶೇ 25.9) ಎಂಬ ಶಿಲೀಂಧ್ರನಾಶಕ ಲೀಟರ್ ನೀರಿಗೆ 1 ಮಿಲಿ ಬೆರೆಸಿ ಹಾಕಿ. ಸತ್ತ ಗಿಡ ಮತ್ತೆ ಏಳೋದಿಲ್ಲ, ರೋಗ ಹರಡುವುದು ಕಡಿಮೆಯಾಗುತ್ತದೆ ಅಷ್ಟೇ. ಕಾಂಡದ ಮೇಲೆ ಮಣ್ಣು ಏರಿಸಬೇಡಿ. ಉದುರಿದ ಎಲೆ ಮಣ್ಣಲ್ಲಿ ಹೂತರೆ ಶಿಲೀಂಧ್ರ ಮೊದಲು ಅದನ್ನೇ ತಿಂದು ಬಲಿಯುತ್ತದೆ, ಆಮೇಲೆ ಕಾಂಡಕ್ಕೆ ಬರುತ್ತದೆ.

ಪ್ರಶ್ನೆ: ಕಿತ್ತ ಗಿಡ ತಿಪ್ಪೆಗೆ ಹಾಕಬಹುದಾ? ಸುಮ್ನೆ ಸುಡೋಕೆ ಮನಸ್ಸಿಲ್ಲ.

ಉತ್ತರ: ಬೇಡ. ತಿಪ್ಪೆ ಚೆನ್ನಾಗಿ ಬಿಸಿಯಾಗದಿದ್ದರೆ ಕಾಳು ಸಾಯುವುದಿಲ್ಲ. ಅದೇ ಗೊಬ್ಬರದ ಜೊತೆ ಮತ್ತೆ ನಿಮ್ಮ ಹೊಲಕ್ಕೇ ಬರುತ್ತದೆ. ಆ ಜಾಗದ ಮಣ್ಣನ್ನು ಕಾಳುಮೆಣಸಿನ ನರ್ಸರಿ ಚೀಲಕ್ಕೂ ತುಂಬಬೇಡಿ. ಎಳೆ ಬಳ್ಳಿಗೂ ಇದು ಅಂಟುತ್ತದೆ.

ಇನ್ನೊಬ್ಬರು (ಸೋಮವಾರಪೇಟೆ ಕಡೆಯವರು): ಮೇಲಿನವರ ಕಥೆ ನಮಗೆ ಬರದಿರಲು ಬಿತ್ತುವ ಮೊದಲೇ ಏನು ಮಾಡಬೇಕು?

ಉತ್ತರ: ಮೊದಲು ಆಳವಾಗಿ ಉಳುಮೆ, ಮೇಲಿನ ಮಣ್ಣು ಕೆಳಗೆ ಮಗುಚಬೇಕು. ಈ ಶಿಲೀಂಧ್ರಕ್ಕೆ ಗಾಳಿ ಬೇಕು, ಆಳದಲ್ಲಿ ಸೊರಗುತ್ತದೆ. ನಮ್ಮ ಕೊಡಗಿನ ಹುಳಿ ಮಣ್ಣು ಅದಕ್ಕೆ ಇಷ್ಟ, ಅದಕ್ಕೇ ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕಿ. ಒಂದೆರಡು ವರ್ಷ ಜೋಳ ಬೆಳೆಯಿರಿ. ಟೊಮೆಟೊ, ಮೆಣಸಿನಕಾಯಿ ಪರ್ಯಾಯ ಅಲ್ಲ, ಅವೂ ರೋಗಕ್ಕೆ ಮನೆ.

ಬೀಜಕ್ಕೆ ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಲೇಪಿಸಿ. ಎಕರೆಗೆ 1 ಕಿಲೋ ಟ್ರೈಕೋಡರ್ಮಾವನ್ನು ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ನೆರಳಲ್ಲಿ ಇಟ್ಟು, ಹದವಿದ್ದಾಗ ಹೊಲಕ್ಕೆ ಹಾಕಿ. ರಾಸಾಯನಿಕ ಶಿಲೀಂಧ್ರನಾಶಕ ಲೇಪಿಸಿದ ಬೀಜಕ್ಕೆ ಇದನ್ನೂ ಬೆರೆಸಬೇಡಿ, ಇದೂ ಶಿಲೀಂಧ್ರವೇ ಆದ್ದರಿಂದ ಸಾಯಬಹುದು, ದುಡ್ಡು ದಂಡ. ಗಿಡ ತೋರಿಸಿ ಕೇಳಬೇಕಿದ್ದರೆ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ ಇದೆಯಲ್ವಾ, ಬುಡ ಸಮೇತ ಒಂದು ಗಿಡ ಒಯ್ಯಿರಿ. ಬರೀ ಎಲೆ ಒಯ್ದರೆ ಏನೂ ಗೊತ್ತಾಗುವುದಿಲ್ಲ.