ಪಾಳಿ ಕೆಲಸದ ನಡುವೆ ಸತ್ಯವೇದದ (ಬೈಬಲಿನ) ಓದು ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ಮಂಡ್ಯದ ಓದುಗ (ಪ್ರಶ್ನೆ)

ಎಲ್ಲರಿಗೂ ವಂದನೆಗಳು. ಮಂಡ್ಯದಲ್ಲಿ ಮನೆ, ಮೈಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ. ಪಾಳಿ ವಾರವಾರವೂ ಬದಲಾಗುವುದರಿಂದ, ಬೆಳಗಿನ ಜಾವ ಎದ್ದು ಓದಬೇಕೆಂಬ ಸಲಹೆ ಒಂದು ವಾರ ಒಗ್ಗಿದರೆ ಮುಂದಿನ ವಾರ ಒಗ್ಗುವುದಿಲ್ಲ. ಮೊದಲ ಪುಸ್ತಕವಾದ ಆದಿಕಾಂಡದಿಂದ ಕ್ರಮವಾಗಿ ಹೊರಟರೆ, ವಿಮೋಚನಕಾಂಡದಲ್ಲಿ ಆರಾಧನೆಯ ಗುಡಾರದ ಅಳತೆಗಳು ಬರುವಷ್ಟರಲ್ಲಿ ಓದು ನಿಧಾನವಾಗಿ, ಯಾಜಕಕಾಂಡದಲ್ಲಿ ನಿಂತೇಹೋಗುತ್ತದೆ. ವರ್ಷದೊಳಗೆ ಮುಗಿಸಲೇಬೇಕೆಂಬ ಹಟ ನನಗಿಲ್ಲ. ಓದಿದ್ದು ಅರ್ಥವಾಗಬೇಕು, ಓದು ನಿಲ್ಲಬಾರದು. ಎಲ್ಲಿಂದ ಆರಂಭಿಸಬೇಕು, ದಿನಕ್ಕೆ ಎಷ್ಟು ಓದಬೇಕು, ಅಧ್ಯಯನಕ್ಕೆ ಬೇರೆ ಸಮಯ ಇಡಬೇಕೇ? ಮನೆಯಲ್ಲಿರುವ ತಾಯಿಯವರ ದೃಷ್ಟಿ ಮಂದವಾಗಿದೆ. ಅವರನ್ನೂ ಸೇರಿಸಿಕೊಳ್ಳುವ ಆಸೆಯಿದೆ.

ಸಭೆಯ ಹಿರಿಯ, ಮೈಸೂರು

ಸಹೋದರರೇ, ಪಾಳಿಯಲ್ಲಿ ದುಡಿಯುವವರು ಗಡಿಯಾರವನ್ನು ನೆಚ್ಚುವುದಕ್ಕಿಂತ, ಯಾವ ಪಾಳಿಯಲ್ಲಿಯೂ ತಪ್ಪದ ಒಂದು ಕೆಲಸಕ್ಕೆ ಓದನ್ನು ಹೊಂದಿಸಿಕೊಳ್ಳುವುದು ಮೇಲು. ಕೆಲಸ ಮುಗಿಸಿ ಬಂದು ಕೈಕಾಲು ತೊಳೆದು ಊಟಕ್ಕೆ ಕೂರುವ ಮುನ್ನ ಎಂದು ಗೊತ್ತುಮಾಡಿಕೊಂಡರೆ, ಆ ಹೊತ್ತು ಬೆಳಗಾದರೂ ರಾತ್ರಿಯಾದರೂ ಕ್ರಮ ಕೆಡುವುದಿಲ್ಲ.

ನಮ್ಮ ಪ್ರೊಟೆಸ್ಟೆಂಟರ ಸತ್ಯವೇದದ 66 ಪುಸ್ತಕಗಳಲ್ಲಿ ಒಟ್ಟು 1,189 ಅಧ್ಯಾಯಗಳಿವೆ. ಸ್ಕಾಟ್ಲೆಂಡಿನ ಸಭಾಪಾಲಕರಾದ ರಾಬರ್ಟ್ ಮರ್ರೆ ಮೆಕ್‌ಷೇನ್ ಅವರು 1842ರಲ್ಲಿ ತಮ್ಮ ಸಭೆಯವರಿಗಾಗಿ ಮಾಡಿಕೊಟ್ಟ, ಇಂದಿಗೂ ಬಳಕೆಯಲ್ಲಿರುವ ಪಟ್ಟಿಯಂತೆ ನಡೆದರೆ ದಿನಕ್ಕೆ ಸುಮಾರು ನಾಲ್ಕು ಅಧ್ಯಾಯ ಓದಬೇಕಾಗುತ್ತದೆ. ಎರಡು ದಿನ ತಪ್ಪಿದರೆ ಎಂಟು ಅಧ್ಯಾಯ ಬಾಕಿ. ಆ ಬಾಕಿಗೆ ಅಂಜಿಯೇ ಅನೇಕರು ಓದನ್ನು ಕೈಬಿಡುತ್ತಾರೆ. ಸತ್ಯವೇದದ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿರುವುದು 260 ಅಧ್ಯಾಯ. ವಾರದಲ್ಲಿ ಐದು ದಿನ, ದಿನಕ್ಕೊಂದರಂತೆ ಓದಿದರೆ 52 ವಾರಗಳಿಗೆ ಸರಿಹೋಗಿ, ಉಳಿದೆರಡು ದಿನಗಳು ತಪ್ಪಿದ್ದನ್ನು ಓದಿಕೊಳ್ಳಲು ಸಿಗುತ್ತವೆ. ಯೇಸುವಿನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ 16 ಅಧ್ಯಾಯಗಳ ಮಾರ್ಕನ ಸುವಾರ್ತೆ ಅತಿ ಚಿಕ್ಕದು, ಅಲ್ಲಿಂದ ಆರಂಭಿಸಿ.

ಯಾಜಕಕಾಂಡವನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಬೇಡಿ. ಸುವಾರ್ತೆಗಳನ್ನು ಓದಿದ ಮೇಲೆ ಅದರ 19ನೆಯ ಅಧ್ಯಾಯಕ್ಕೆ ಬನ್ನಿ. ಹೊಲದ ಅಂಚನ್ನು ಪೂರ್ತಿ ಕೊಯ್ಯದೆ, ಹಕ್ಕಲನ್ನು (ಕೊಯ್ಲಿನಲ್ಲಿ ಉದುರಿದ ತೆನೆಗಳನ್ನು) ಆಯ್ದುಕೊಳ್ಳದೆ, ಅದನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ಆಜ್ಞೆ ಅಲ್ಲಿದೆ. ಭತ್ತದ ಕೊಯ್ಲನ್ನು ಕಂಡು ಬೆಳೆದ ಮಂಡ್ಯದವರಿಗೆ ಅದನ್ನು ನಾನು ವಿವರಿಸಬೇಕಾಗಿಲ್ಲ. ಆ ಆಜ್ಞೆಯ ಆಸರೆಯಲ್ಲಿಯೇ ಮೋವಾಬಿನ ವಿಧವೆಯಾದ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯಲು ಸಾಧ್ಯವಾಯಿತು. ಇನ್ನು 12ನೆಯ ಅಧ್ಯಾಯದ ಕೊನೆಯಲ್ಲಿ, ಕುರಿಮರಿಯನ್ನು ತರಲಾಗದ ಬಾಣಂತಿಯು ಎರಡು ಬೆಳವಕ್ಕಿಗಳನ್ನಾಗಲಿ ಎರಡು ಪಾರಿವಾಳದ ಮರಿಗಳನ್ನಾಗಲಿ ಅರ್ಪಿಸಬಹುದೆಂದಿದೆ. ಲೂಕ 2:24ರಲ್ಲಿ ಮರಿಯಳು ದೇವಾಲಯದಲ್ಲಿ ಅರ್ಪಿಸುವುದು ಇದನ್ನೇ. ಯೇಸು ಹುಟ್ಟಿದ ಮನೆಯ ಬಡತನವನ್ನು ಲೂಕನು ಬಾಯಿಬಿಟ್ಟು ಹೇಳುವುದಿಲ್ಲ. ಯಾಜಕಕಾಂಡವನ್ನು ಓದಿದವರಿಗೆ ಅದು ತಾನಾಗಿಯೇ ತಿಳಿಯುತ್ತದೆ. ಇಂತಹ ಒಂದು ಕೊಂಡಿ ಕೈಗೆ ಸಿಕ್ಕಿದರೆ, ಮರುದಿನ ಪುಸ್ತಕವನ್ನು ತೆರೆಯಲು ಯಾರೂ ನೆನಪಿಸಬೇಕಾಗಿಲ್ಲ.

ಧರ್ಮೋಪದೇಶ ಶಿಕ್ಷಕಿ, ಮೈಸೂರು

ನಾವು ಕಥೋಲಿಕರು, ನಮ್ಮ ಬೈಬಲಿನಲ್ಲಿ 73 ಪುಸ್ತಕಗಳಿವೆ. ಪ್ರತಿದಿನದ ಬಲಿಪೂಜೆಗೆ ನಿಗದಿಯಾದ ವಾಚನಗಳನ್ನೇ ನಾನು ಮನೆಯಲ್ಲಿ ಓದುತ್ತೇನೆ. ಭಾನುವಾರದ ವಾಚನಗಳು ಮೂರು ವರ್ಷಗಳ ಸರದಿಯಲ್ಲಿ ಬರುತ್ತವೆ. ಒಂದು ವರ್ಷ ಮುಖ್ಯವಾಗಿ ಮತ್ತಾಯ, ಮುಂದಿನ ವರ್ಷ ಮಾರ್ಕ, ಆಮೇಲೆ ಲೂಕ. ನಾನು ಅಡುಗೆಮನೆಯ ಪಕ್ಕದಲ್ಲಿ ಕುಳಿತು ಓದುವ ಭಾಗವನ್ನೇ ಅಂದು ಸಂತ ಫಿಲೋಮಿನಾ ಚರ್ಚಿನಲ್ಲಿಯೂ ಓದುತ್ತಾರೆಂಬ ಅರಿವು ನನಗೆ ದೊಡ್ಡ ಬಲ.

ತಾಯಿಯವರಿಗಾಗಿ ನೀವು ಗಟ್ಟಿಯಾಗಿ ಓದಿರಿ. ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿ ಇಥಿಯೋಪಿಯಾದ ಅಧಿಕಾರಿಯು ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿರುವುದು ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನ ಕಿವಿಗೆ ಬೀಳುತ್ತದೆ. ಗಟ್ಟಿಯಾಗಿ ಓದುವುದು ಆ ಕಾಲದ ರೂಢಿಯೇ ಆಗಿತ್ತು. ಓದಿದ್ದು ಅರ್ಥವಾಯಿತೇ ಎಂದು ಫಿಲಿಪ್ಪನು ಕೇಳಿದಾಗ, ಯಾರಾದರೂ ತಿಳಿಸಿಕೊಡದೆ ಹೇಗಾದೀತು ಎಂದು ಆತನು ಉತ್ತರಿಸಿದನು. ಅಧ್ಯಯನಕ್ಕೆ ಜೊತೆಯವರೊಬ್ಬರು ಬೇಕು. ಬಹುಕಾಲ ವಾಕ್ಯವನ್ನು ಕೇಳಿರುವ ತಾಯಿಯವರೇ ನಿಮಗೆ ಆ ಜೊತೆಯಾಗಬಹುದು.

ಶ್ರೀರಂಗಪಟ್ಟಣದ ಅಧ್ಯಾಪಕ

ಹಿರಿಯರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ದಿನಕ್ಕೊಂದು ಅಧ್ಯಾಯವು ಓದಿಗೆ ಸಾಕು, ಅಧ್ಯಯನಕ್ಕೆ ಸಾಲದು. ಅಧ್ಯಾಯಗಳ ವಿಂಗಡಣೆ 13ನೆಯ ಶತಮಾನದ್ದು. ಹೊಸ ಒಡಂಬಡಿಕೆಗೆ ಇಂದಿನ ವಚನಸಂಖ್ಯೆಗಳನ್ನು ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ ಸೇರಿಸಿದ್ದು 1551ರಲ್ಲಿ. ಮಾತು ಮುಗಿಯುವ ಕಡೆಯಲ್ಲಿಯೇ ಅಧ್ಯಾಯವೂ ಮುಗಿಯುತ್ತದೆಂದು ಭಾವಿಸಬೇಕಾಗಿಲ್ಲ. ಯೆಶಾಯ 53ರಲ್ಲಿ ನಾವು ಓದುವ ಬಾಧೆಪಟ್ಟ ಸೇವಕನ ಹಾಡು 52:13ರಲ್ಲಿಯೇ ಆರಂಭವಾಗಿರುತ್ತದೆ.

ಆದ್ದರಿಂದ ರಜೆಯ ದಿನ ಹೊಸ ಒಡಂಬಡಿಕೆಯ ಒಂದು ಚಿಕ್ಕ ಪತ್ರಿಕೆಯನ್ನು (ಪತ್ರರೂಪದ ಪುಸ್ತಕವನ್ನು) ಒಂದೇ ಸಲಕ್ಕೆ ಪೂರ್ತಿ ಓದಿ, ಮುಂದಿನ ಕೆಲವು ವಾರ ಅದನ್ನೇ ಮತ್ತೆ ಮತ್ತೆ ಓದಿರಿ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯಲ್ಲಿ ನಾಲ್ಕೇ ಅಧ್ಯಾಯಗಳಿವೆ. ಜೊತೆಗೆ ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯವನ್ನು ಓದಿದರೆ, ಆ ಪತ್ರಿಕೆಯನ್ನು ಬರೆದ ಅಪೊಸ್ತಲ ಪೌಲನು ಅದೇ ಫಿಲಿಪ್ಪಿ ಪಟ್ಟಣದಲ್ಲಿ ಪೆಟ್ಟು ತಿಂದು, ಸೆರೆಯಲ್ಲಿ ಮಧ್ಯರಾತ್ರಿ ದೇವರನ್ನು ಸ್ತುತಿಸಿ ಹಾಡಿದ್ದು ತಿಳಿಯುತ್ತದೆ. ಮುಂದೆ ಮತ್ತೊಂದು ಸೆರೆಯಲ್ಲಿ ಬೇಡಿ ತೊಟ್ಟ ಕೈಗಳಿಂದಲೇ ಆತನು ‘ಸಂತೋಷಿಸಿರಿ’ ಎಂದು ಬರೆದು ಕಳುಹಿಸಿದಾಗ, ಅಂದು ನಂಬಿದ ಆ ಫಿಲಿಪ್ಪಿಯ ಸೆರೆಮನೆಯ ಯಜಮಾನನ ಮನೆಯವರೂ ಅದನ್ನು ಕೇಳಿಸಿಕೊಂಡಿರಬಹುದು. ಯಾರು, ಯಾರಿಗೆ, ಎಲ್ಲಿಂದ ಬರೆದರು ಎಂದು ಒಂದು ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಂಡರೆ ಸಾಕು. ವ್ಯಾಖ್ಯಾನಗ್ರಂಥಗಳನ್ನು ಆಮೇಲೆ ನೋಡಬಹುದು.

ಮಂಡ್ಯದ ಓದುಗ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಊಟಕ್ಕೆ ಮುನ್ನ ತಾಯಿಯವರ ಎದುರು ಮಾರ್ಕನ ಸುವಾರ್ತೆಯನ್ನು ಗಟ್ಟಿಯಾಗಿ ಓದಲು ಆರಂಭಿಸುತ್ತೇನೆ. ರಜೆಯ ದಿನಕ್ಕೆ ಫಿಲಿಪ್ಪಿಯವರ ಪತ್ರಿಕೆ. ರಾತ್ರಿ ಪಾಳಿಯ ವಾರದಲ್ಲಿ ಅವರಿಗೆ ಓದಿ ಹೇಳಲು ಮಗಳು ಒಪ್ಪಿದ್ದಾಳೆ.