ಚಿಕ್ಕ ವಯಸ್ಸಿನವರಿಗೆ ಲಾಟರಿ ಟಿಕೆಟ್ ಹೋಗದ ಹಾಗೆ ಅಂಗಡಿಯಲ್ಲಿ ಏನು ಮಾಡ್ತೀರಿ?

ಗಲ್ಲಾಪೆಟ್ಟಿಗೆ
ನನ್ನದು ಸಣ್ಣ ಅಂಗಡಿ. ಬೇರೆ ಸಾಮಾನಿನ ಜೊತೆ ಲಾಟರಿ ಟಿಕೆಟ್, ಸ್ಕ್ರ್ಯಾಚ್ ಕಾರ್ಡ್ ಕೂಡ ಮಾರುತ್ತೇನೆ. ಕಳೆದ ವಾರ ನಾನು ಒಳಗೆ ಸ್ಟಾಕ್ ಎಣಿಸುತ್ತಿದ್ದೆ, ಕೌಂಟರ್‌ನಲ್ಲಿ ಹೊಸ ಹುಡುಗ ಇದ್ದ. ಆಮೇಲೆ ಕ್ಯಾಮೆರಾ ನೋಡಿದರೆ, ಬೆನ್ನ ಮೇಲೆ ಸ್ಕೂಲ್ ಬ್ಯಾಗ್ ಇರೋ ಹುಡುಗಿಗೆ ಆರಾಮಾಗಿ ಎರಡು ಕಾರ್ಡ್ ಕೊಟ್ಟು, ಚಿಲ್ಲರೆ ಎಣಿಸಿ ಕಳಿಸಿದ್ದಾನೆ. ಕೇಳಿದರೆ "ವಯಸ್ಸು ಕೇಳಿದೆ ಸಾರ್, ಹದಿನೆಂಟು ಅಂದಳು" ಅಂತಾನೆ. ವಯಸ್ಸು ನೋಡಿದ್ರಾ ಅಂತ ಮಷೀನ್ ಕೂಡ ಕೇಳುತ್ತೆ, ಅದಕ್ಕೂ ಹೌದು ಅಂತ ಒತ್ತಿದ್ದಾನೆ. ಬೈದೆ. ಆದರೆ ಬೈದರೆ ಸರಿಹೋಗೋ ವಿಷಯ ಅಲ್ಲ ಅನಿಸುತ್ತಿದೆ, ಲೈಸೆನ್ಸ್ ಬೇರೆ ನನ್ನ ಹೆಸರಲ್ಲಿದೆ. ನೀವೆಲ್ಲ ಹೇಗೆ ನಿಭಾಯಿಸ್ತೀರಿ? ಬೋರ್ಡ್ ಹಾಕಿ ಅಂತ ಮಾತ್ರ ಹೇಳಬೇಡಿ, ಹಾಕಿ ಎರಡು ವರ್ಷ ಆಯ್ತು.

ರಾತ್ರಿಪಾಳಿ
ಆರು ವರ್ಷ ಕೌಂಟರ್‌ನಲ್ಲಿ ನಿಂತವನು ನಾನು. ವಯಸ್ಸೆಷ್ಟು ಅಂತ ಕೇಳಿದರೆ ಯಾರಾದರೂ ಹದಿನಾರು ಅಂತಾರಾ? ವಯಸ್ಸು ಕೇಳಬಾರದು, ಹುಟ್ಟಿದ ತಾರೀಖು ಇರೋ ಗುರುತಿನ ಕಾರ್ಡ್ ಕೇಳಬೇಕು. ಅದನ್ನೂ ಕೈಗೆ ತಗೊಂಡು ನೋಡಬೇಕು. ಪರ್ಸ್‌ನ ಪ್ಲಾಸ್ಟಿಕ್ ಹಿಂದಿನಿಂದ ತೋರಿಸಿದ್ದು, ಮೊಬೈಲಲ್ಲಿ ತೆಗೆದ ಫೋಟೋ, ಎರಡನ್ನೂ ನಾನು ಒಪ್ಪುತ್ತಿರಲಿಲ್ಲ.

ಇನ್ನು ಲೆಕ್ಕ. ಸಾಲಲ್ಲಿ ಐದು ಜನ ನಿಂತಿರುವಾಗ, ಫೋನ್ ಬೇರೆ ಹೊಡ್ಕೊಳ್ತಾ ಇರುವಾಗ, ಹುಟ್ಟಿದ ತಾರೀಖು ನೋಡಿ ಮನಸ್ಸಲ್ಲೇ ಕಳೆಯೋದು ಆಗದ ಮಾತು. ನಾವು ದಿನಾ ಬೆಳಗ್ಗೆ ಒಂದು ಚೀಟಿ ಬರೆದು ಮಷೀನ್‌ಗೆ ಅಂಟಿಸ್ತಿದ್ದೆವು. ತಾರೀಖು, ತಿಂಗಳು ಇವತ್ತಿನದು, ವರ್ಷ ಮಾತ್ರ 18 ಹಿಂದಿನದು. ಅದಾದ ಮೇಲೆ ಹುಟ್ಟಿದವರಿಗೆ ಇಲ್ಲ, ಅಷ್ಟೇ.

ಹೌದು, ಇಲ್ಲ ಅಂತ ಕೇಳೋ ಪರದೆ ಇದ್ದೂ ಒಂದೇ, ಇಲ್ಲದಿದ್ದರೂ ಒಂದೇ. ಎರಡು ದಿನದಲ್ಲಿ ಬೆರಳಿಗೆ ಅಭ್ಯಾಸ ಆಗಿಬಿಡುತ್ತೆ, ಕಣ್ಣು ಓದೋ ಮೊದಲೇ ಒತ್ತಿರುತ್ತೆ. ಆಗೋದಾದರೆ ಹುಟ್ಟಿದ ತಾರೀಖು ಟೈಪ್ ಮಾಡದೆ ಮುಂದೆ ಹೋಗದ ಹಾಗೆ ಸೆಟ್ ಮಾಡಿಸಿ.

ಗಲ್ಲಾಪೆಟ್ಟಿಗೆ
ಚೀಟಿ ಐಡಿಯಾ ಚೆನ್ನಾಗಿದೆ. ಆದರೆ ಎಲ್ಲರ ಹತ್ರ ಕಾರ್ಡ್ ಕೇಳಿದರೆ ದಿನಾ ಬರೋ ಗಿರಾಕಿಗಳು ಮುನಿಸಿಕೊಳ್ಳಲ್ವಾ?

ರಾತ್ರಿಪಾಳಿ
ತಲೆ ನರೆತವರನ್ನ ಯಾಕೆ ಕೇಳ್ತೀರಿ ಮಾರಾಯ್ರೆ! ಬ್ರಿಟನ್‌ನಲ್ಲಿ ಚಾಲೆಂಜ್ 25 ಅಂತ ಒಂದು ಪದ್ಧತಿ ಇದೆ. ನೋಡೋಕೆ 25ಕ್ಕಿಂತ ಚಿಕ್ಕವರ ಹಾಗೆ ಕಂಡರೆ ಕಾರ್ಡ್ ಕೇಳೋದು. ಮುಖ ನೋಡಿ 17ಕ್ಕೂ 18ಕ್ಕೂ ವ್ಯತ್ಯಾಸ ಹೇಳೋಕೆ ಯಾರಿಂದಲೂ ಆಗಲ್ಲ, ಅದಕ್ಕೇ ಏಳು ವರ್ಷ ಜಾಸ್ತಿ ಇಟ್ಟುಕೊಂಡಿದ್ದಾರೆ.

ಸುಮ್ನೆ ಕೇಳ್ದೆ
ಎರಡು ಸ್ಕ್ರ್ಯಾಚ್ ಕಾರ್ಡಿಗೆ ಇಷ್ಟೆಲ್ಲ ಗಲಾಟೆನಾ? ಅದೇ ಬ್ರಿಟನ್‌ನಲ್ಲಿ 16 ಆದವರಿಗೆ ಲಾಟರಿ ಕೊಡ್ತಿದ್ರು. ಮನೆಯವರೇ ಹುಟ್ಟುಹಬ್ಬಕ್ಕೆ ಸ್ಕ್ರ್ಯಾಚ್ ಕಾರ್ಡ್ ಕೊಡ್ತಾರೆ, ಅಂಗಡಿಯವನು ಮಾತ್ರ ಕಳ್ಳನಾ?

ಹಳೇ ತಪಾಸಣೆ
ಕೊಡ್ತಿದ್ರು ನಿಜ, ಈಗ ಕೊಡಲ್ಲ. 1994ರಲ್ಲಿ ಶುರುವಾದಾಗ 16 ಇತ್ತು, 2021ರ ಅಕ್ಟೋಬರ್‌ನಿಂದ 18 ಮಾಡಿದರು. ಅಮೆರಿಕದಲ್ಲಿ ಹೆಚ್ಚಿನ ರಾಜ್ಯಗಳಲ್ಲಿ 18, ನೆಬ್ರಾಸ್ಕಾದಲ್ಲಿ 19, ಅಯೋವಾದಲ್ಲಿ 21. ಎಲ್ಲೂ ಇಳಿಸೋ ಮಾತು ಕೇಳಿಲ್ಲ. ಉಡುಗೊರೆ ವಿಷಯದಲ್ಲಿ ಮಾತ್ರ ನೀವು ಹೇಳಿದ್ದು ಸರಿ. ಮಕ್ಕಳಿಗೆ ಲಾಟರಿ ಉಡುಗೊರೆ ಕೊಡಬೇಡಿ ಅಂತ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಡಿಸೆಂಬರ್ ಹಬ್ಬದ ಹೊತ್ತಿಗೆ ಪ್ರಚಾರ ಮಾಡಿದ್ದಾರೆ, ಲಾಟರಿ ನಡೆಸೋ ಸಂಸ್ಥೆಗಳೇ ಅದಕ್ಕೆ ಕೈಜೋಡಿಸಿವೆ.

ಗಲ್ಲಾಪೆಟ್ಟಿಗೆಯವರೇ, ನಾನು ಹಿಂದೆ ಅಂಗಡಿಗಳನ್ನ ತಪಾಸಣೆ ಮಾಡ್ತಿದ್ದೆ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಹುಡುಗನ ವಯಸ್ಸೆಷ್ಟು? ಇಪ್ಪತ್ತು? ಎದುರಿಗೆ ನಿಂತವಳಿಗಿಂತ ಮೂರ್ನಾಲ್ಕು ವರ್ಷ ದೊಡ್ಡವನು. ಅವನಿಗೆ ನಿಯಮ ಗೊತ್ತಿಲ್ಲ ಅಂತಲ್ಲ, "ಇಲ್ಲ" ಅನ್ನೋಕೆ ಮುಜುಗರ. ಅದಕ್ಕೆ ಅವನ ಬಾಯಿಗೆ ಒಂದು ವಾಕ್ಯ ಕೊಡಿ: "ಕಾರ್ಡ್ ಇಲ್ಲದೆ ಮಾರಿದ್ರೆ ನನ್ನ ಕೆಲಸ ಹೋಗುತ್ತೆ." ಅದರ ಮೇಲೆ ವಾದ ಮಾಡೋರು ಕಡಿಮೆ.

ಇನ್ನೊಂದು ಕಣ್ಣಾರೆ ಕಂಡಿದ್ದು. ಒಂದು ಅಂಗಡಿಯಲ್ಲಿ ಕೌಂಟರ್‌ನಲ್ಲಿದ್ದ ಹುಡುಗಿ ಕಾರ್ಡ್ ಇಲ್ಲ ಅಂತ ಟಿಕೆಟ್ ನಿರಾಕರಿಸಿದಳು, ಗಿರಾಕಿ ಗಲಾಟೆ ಮಾಡಿದ, ಮಾಲೀಕರು ಒಳಗಿಂದ ಬಂದು "ಗೊತ್ತಿರೋ ಹುಡುಗ, ಕೊಡಮ್ಮ" ಅಂದುಬಿಟ್ಟರು. ಆಮೇಲೆ ಆ ಹುಡುಗಿ ಯಾರ ಹತ್ರಾನೂ ಕಾರ್ಡ್ ಕೇಳಲಿಲ್ಲ. ಯಾಕೆ ಕೇಳ್ತಾಳೆ?

"ಅಪ್ಪ ಕಳಿಸಿದ್ರು" ಅಂತ ಬರೋ ಮಕ್ಕಳಿಗೂ ಇದೇ. ಅಪ್ಪನೇ ಬರಲಿ. ಸ್ಕ್ರ್ಯಾಚ್ ಕಾರ್ಡ್‌ಗಳನ್ನ ಚಾಕೊಲೇಟ್ ಪಕ್ಕ ಇಟ್ಟಿದ್ದರೆ ಇವತ್ತೇ ತೆಗೀರಿ. ಗೆದ್ದ ಕಾರ್ಡ್ ತಂದು ದುಡ್ಡು ಕೇಳಿದಾಗಲೂ ವಯಸ್ಸು ನೋಡಿ, ಸಣ್ಣ ಬಹುಮಾನ ಅಂತ ಬಿಡಬೇಡಿ. ಮತ್ತೆ ಬರೋ ಚಟ ಹತ್ತೋದೇ ಅಲ್ಲಿ.

ಕೊನೆಗೆ, ನಿಮ್ಮ ಅಂಗಡಿಗೆ ನೀವೇ ಪರೀಕ್ಷೆ ಇಡಿ. ಯಾರನ್ನಾದರೂ ಗಿರಾಕಿ ಹಾಗೆ ಕಳಿಸಿ. ಅವರ ವಯಸ್ಸು 18 ದಾಟಿರಬೇಕು, ನೋಡೋಕೆ ಮಾತ್ರ ಚಿಕ್ಕವರ ಹಾಗಿರಬೇಕು. ಆಗ ಮಾರಿದರೂ ಕಾನೂನು ಮುರಿದ ಹಾಗಾಗಲ್ಲ, ಕಾರ್ಡ್ ಕೇಳ್ತಾನೋ ಇಲ್ವೋ ಅನ್ನೋದು ಗೊತ್ತಾಗುತ್ತೆ.

ಗಲ್ಲಾಪೆಟ್ಟಿಗೆ
ಚಾಕೊಲೇಟ್ ಪಕ್ಕಾನೇ ಇತ್ತು, ಹೇಳೋಕೂ ನಾಚಿಕೆ. ಈಗ ನನ್ನ ಕುರ್ಚಿ ಹಿಂದೆ ಹಾಕಿದ್ದೇನೆ. "ಗೊತ್ತಿರೋ ಹುಡುಗ, ಕೊಡು" ಅಂತ ನಾನೂ ಅಂದಿದ್ದೇನೆ, ಒಂದು ಸಲ ಅಲ್ಲ.

ನಿನ್ನೆ ಅಕ್ಕನ ಮಗನನ್ನ ಕಳಿಸಿದೆ. ವಯಸ್ಸು 20, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ನಮ್ಮ ಹುಡುಗ ಕಾರ್ಡ್ ಕೇಳಿದ. ಇವನು ಮನೆಯಲ್ಲೇ ಬಿಟ್ಟು ಬಂದಿದ್ದ. "ನಮ್ಮ ಮಾವಂದೇ ಅಂಗಡಿ" ಅಂದರೂ ಕೊಡಲಿಲ್ಲ. ನಾನು ಒಳಗೇ ಕೂತಿದ್ದೆ, ಹೊರಗೆ ಬರಲಿಲ್ಲ. ಈಗ ಅಕ್ಕ ಫೋನ್ ಮಾಡಿ ಬೈತಿದ್ದಾಳೆ.