30×40 ಸೈಟಿನ ಸೆಲ್ಲಾರ್‌ಗೆ ಮಿನಿ ಸಾಕಾ, ದೊಡ್ಡ ಹಿಟಾಚಿ ಬೇಕಾ?

ಮೊಹಲ್ಲಾ ಸೈಟ್:
ಮೈಸೂರು ಕೆ.ಆರ್. ಮೊಹಲ್ಲಾದಲ್ಲಿ ಹಳೇ ಮನೆ ಕೆಡವಿ ಆಗಿದೆ. ಸೈಟು 30×40, ರಸ್ತೆ 16 ಅಡಿ. ಸೆಲ್ಲಾರ್ ಗುಂಡಿ 25×35 ಅಡಿ, ಆಳ 9 ಅಡಿ. ಎಡಕ್ಕೂ ಬಲಕ್ಕೂ ಮಣ್ಣಿನ ಗಾರೆಯ ಹಳೇ ಗೋಡೆಗಳು. 20 ಟನ್ ತೂಕದ ಹಿಟಾಚಿ (ಮಣ್ಣು ತೋಡೋ ಮೆಷಿನ್) ತಂದರೆ ಅರ್ಧ ದಿನದ ಕೆಲಸ ಅಂತಾರೆ ಮೇಸ್ತ್ರಿ. ಬಾಡಿಗೆಗೆ ಕೊಡೋರು 3 ಟನ್ ಮಿನಿನೇ ಸಾಕು ಅಂತಾರೆ, ಗಂಟೆ ಲೆಕ್ಕದಲ್ಲಿ ಅದೇ ಅಗ್ಗ. ಇದಾದ ಮೇಲೆ ಮಂಡ್ಯ ಹತ್ತಿರ ಗದ್ದೆಯಲ್ಲಿ 300 ಮೀಟರ್ ಪೈಪ್‌ಲೈನ್ ಟ್ರೆಂಚ್ ಇದೆ, 2 ಅಡಿ ಅಗಲ, 4 ಅಡಿ ಆಳ. ಅದಕ್ಕೂ ಅದೇ ಮೆಷಿನ್ ಆಗುತ್ತಾ?

ಅರ್ಥ್‌ವರ್ಕ್ ಲೆಕ್ಕ:
ಗಂಟೆ ಬಾಡಿಗೆ ಬಿಡಿ ಸರ್, ಲೋಡ್ ಲೆಕ್ಕ ಹಾಕಿ. 25×35×9 ಅಂದರೆ 7,875 ಘನ ಅಡಿ, ಸುಮಾರು 223 ಘನ ಮೀಟರ್. ತೋಡಿದ ಮಣ್ಣು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಉಬ್ಬುತ್ತೆ, 285 ಅಂತ ಇಟ್ಟುಕೊಳ್ಳಿ. ಆ ರಸ್ತೆಗೆ ಆರು ಚಕ್ರದ ಟಿಪ್ಪರ್ರೇ ಗತಿ. 6 ಘನ ಮೀಟರ್‌ನಂತೆ 48 ಲೋಡ್.

3 ಟನ್ ಮಿನಿಯ ಬಕೆಟ್ 0.09 ಘನ ಮೀಟರ್ ಆಸುಪಾಸು. ನಿಮಿಷಕ್ಕೆ ಎರಡೂವರೆ ಬಕೆಟ್, ಕಾಯೋದು ತಿರುಗೋದು ಕಳೆದರೆ ಗಂಟೆಗೆ 10 ಘನ ಮೀಟರ್. 28-29 ಗಂಟೆ ಬೇಕು. 5 ಟನ್‌ದು 0.16 ಬಕೆಟ್, ಗಂಟೆಗೆ 18, 16 ಗಂಟೆಯಲ್ಲಿ ಮುಗಿಯುತ್ತೆ. 20 ಟನ್‌ದು 0.9, ಗಂಟೆಗೆ 100 ಎತ್ತುತ್ತೆ, ಮೂರು ಗಂಟೆ ಕೆಲಸ. ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ.

ಆದರೆ ಆ ನೂರು ಘನ ಮೀಟರ್ ಹೊರಗೆ ಸಾಗಿಸೋರು ಯಾರು? ಟಿಪ್ಪರ್ ಮಣ್ಣು ಸುರಿದು ವಾಪಸ್ ಬರೋಕೆ ಒಂದು ಗಂಟೆ ಹಿಡಿದರೂ 16-17 ಗಾಡಿ ಸಾಲಾಗಿ ಬರಬೇಕು. ನಿಮ್ಮ ರಸ್ತೆಯಲ್ಲಿ ಒಂದು ನಿಂತರೆ ಸ್ಕೂಟರ್ ಹೋಗಲ್ಲ. ಮೆಷಿನ್ ಸುಮ್ಮನೆ ನಿಂತ ಗಂಟೆಗೂ ಬಾಡಿಗೆ ಓಡುತ್ತೆ. 5 ಟನ್‌ಗೆ ಮೂರು ಟಿಪ್ಪರ್ ಸರಿಹೋಗುತ್ತೆ. ನನ್ನ ಓಟು ಅದಕ್ಕೇ.

ಬಕೆಟ್ ಹಲ್ಲು:
ಮೇಲಿನ ಲೆಕ್ಕ ಸರಿ, ಆದರೆ 20 ಟನ್ ಅಲ್ಲಿ ನಿಲ್ಲೋದೇ ಕಷ್ಟ. ಮೊದಲು ಟ್ರೇಲರ್ ಆ ಗಲ್ಲಿಗೆ ತಿರುಗಬೇಕು. ತಿರುಗಿತು ಅನ್ನಿ, ಹಿಂಭಾಗ ನಡುವಿನಿಂದ 2.75 ಮೀಟರ್ ತ್ರಿಜ್ಯದಲ್ಲಿ ಬೀಸುತ್ತೆ. 16 ಅಡಿ ರಸ್ತೆ ಅಂದರೆ 4.9 ಮೀಟರ್, ಎದುರು ಮನೆ ಕಾಂಪೌಂಡ್ ಹೋಯ್ತು. ಮಿನಿಯಲ್ಲೂ ಹಿಂಭಾಗ ಚೈನ್ ಅಗಲದಿಂದ ಆಚೆ ಬರದ ಮಾಡೆಲ್ಲೇ ಕೇಳಿ. ಬೂಮ್ (ಮೆಷಿನ್‌ನ ಉದ್ದ ತೋಳು) ಬುಡದಲ್ಲೇ ಎಡಬಲ ತಿರುಗುವಂತಿದ್ದರೆ ಗೋಡೆಗೆ ಸಮಾನಾಂತರವಾಗಿ ತೋಡಬಹುದು, ನಿಮಗೆ ಬೇಕಾಗಿರೋದು ಅದೇ.

3 ಟನ್ ಬೇಡ ಅನ್ನೋಕೆ ಆಳವೂ ಕಾರಣ. ಕ್ಯಾಟಲಾಗ್‌ನಲ್ಲಿ 2.8-3 ಮೀಟರ್ ಅಂತ ಇರುತ್ತೆ, ಅದು ಒಂದೇ ಬಿಂದುವಿನಲ್ಲಿ ಸಿಗೋ ಆಳ. ನೆಟ್ಟಗೆ ಗೋಡೆ ಕೆತ್ತೋ ಆಳ ಅದಕ್ಕಿಂತ ತುಂಬಾ ಕಡಿಮೆ. 9 ಅಡಿಯೇ 2.75 ಮೀಟರ್. ಮೆಷಿನ್ ಕೆಳಗಿಳಿಯೋಕೆ ರ್‍ಯಾಂಪ್ 1:2 (ಒಂದಡಿ ಇಳಿಯೋಕೆ ಎರಡಡಿ ಉದ್ದ) ಇಟ್ಟರೆ 18 ಅಡಿ ಉದ್ದ, ಗುಂಡಿಯ ಅರ್ಧ! ಕೊನೆಗೆ ಮೆಷಿನ್ ಹಿಂದೆ ಸರಿಯುತ್ತಾ ಆ ರ್‍ಯಾಂಪನ್ನೇ ತಿಂದುಕೊಂಡು ಮೇಲೆ ಬರಬೇಕು. 3 ಟನ್‌ಗೆ ಕೈ ಸಾಲದೆ ಬುಡದ ಮಣ್ಣು ಉಳಿದು, ಹಾರೆ ಬಾಂಡ್ಲಿಯಲ್ಲಿ ಎತ್ತೋ ಕೆಲಸ ಬೀಳುತ್ತೆ.

ಪಕ್ಕದ ಗೋಡೆಗಳ ವಿಷಯ ಇನ್ನೂ ಮುಖ್ಯ. ಮಧ್ಯದಲ್ಲಿ ಇಟ್ಟರೂ ಗುಂಡಿ ಅಂಚಿಗೂ ಗೋಡೆಗೂ ಎರಡೂವರೆ ಅಡಿ ಅಷ್ಟೇ. ಆ ಪಾಯಗಳು 9 ಅಡಿ ಇಳಿದಿರೋ ಸಾಧ್ಯತೆ ಇಲ್ಲ. ಮೊದಲು ನಡುವೆ ತೆಗೆಯಿರಿ, ಅಂಚಿನ ಮಣ್ಣು ಇಳಿಜಾರಾಗಿ ಬಿಡಿ. ಆಮೇಲೆ ಅಂಚನ್ನು 4 ಅಡಿ ಅಗಲದ ತುಂಡುಗಳಾಗಿ 1, 3, 5 ತೆಗೆದು ಮಣ್ಣು ತಡೆಯೋ ಗೋಡೆ (ರಿಟೈನಿಂಗ್ ವಾಲ್) ಹಾಕಿ, ಕಾಂಕ್ರೀಟ್ ಗಟ್ಟಿಯಾದ ಮೇಲೆ 2, 4 ತೆಗೆಯಿರಿ. ಸ್ಟ್ರಕ್ಚರಲ್ ಎಂಜಿನಿಯರ್ ಡ್ರಾಯಿಂಗ್ ಇಲ್ಲದೆ ಈ ಅಂಚಿಗೆ ಕೈ ಹಾಕಬೇಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ.

ಮೊಹಲ್ಲಾ ಸೈಟ್:
ಸರಿ, 5 ಟನ್‌ಗೇ ಬರ್ತೀನಿ. ಕೆಳಗೆ ಬಂಡೆ ಸಿಕ್ಕರೆ?

ಮದ್ದೂರು ಮೆಷಿನ್:
ಕೊಳೆತ ಬಂಡೆ ಆದರೆ 5 ಟನ್‌ಗೆ ಹಾಕೋ 250-350 ಕೆಜಿ ಬ್ರೇಕರ್ (ಬಕೆಟ್ ಬದಲು ಹಾಕೋ, ಉಳಿಯಿಂದ ಹೊಡೆಯೋ ಸುತ್ತಿಗೆ) ಒಡೆಯುತ್ತೆ. ಗಟ್ಟಿ ಬಂಡೆಗೆ ಅದು ಬರೀ ಸದ್ದು ಮಾಡುತ್ತೆ. ಒಂದೇ ಜಾಗದಲ್ಲಿ 15-20 ಸೆಕೆಂಡ್ ಹೊಡೆದೂ ಬಿರುಕು ಬರದಿದ್ದರೆ ಜಾಗ ಬದಲಿಸಬೇಕು, ಇಲ್ಲದಿದ್ದರೆ ಉಳಿ ಕಾಯ್ದು ತುದಿ ಮೊಂಡಾಗುತ್ತೆ. ಉಳಿ ಕಲ್ಲಿಗೆ ಒತ್ತದೆ ಗಾಳಿಯಲ್ಲಿ ಹೊಡೆದರೆ ಒಳಗಿನ ಪಿನ್ನುಗಳು ಹೋಗುತ್ತವೆ. ಎರಡು ಗಂಟೆಗೊಮ್ಮೆ ಗ್ರೀಸ್. ದೊಡ್ಡ ಬ್ರೇಕರ್ ತರಿಸೋ ಆಸೆ ಬಿಡಿ, ಆ ಅದುರಿಗೆ ಮಣ್ಣಿನ ಗಾರೆ ಉದುರುತ್ತೆ. 38-40 ಮಿಮೀ ತೂತು ಕೊರೆದು, ಬಿರಿಯೋ ಕೆಮಿಕಲ್ ಪುಡಿ ಕಲಸಿ ತುಂಬಿಸಿ. ನಿಧಾನ, ಆದರೆ ಸದ್ದಿಲ್ಲ. ಒಂದು ದಿನ ಕಾದರೆ ಬಂಡೆ ಸೀಳುತ್ತೆ.

ಗದ್ದೆ ಟ್ರೆಂಚ್‌ಗೂ ಇದೇ 5 ಟನ್ ಮಿನಿ ಬಿಟ್ಟು ಬೇರೆ ಮಾತಿಲ್ಲ. 20 ಟನ್‌ನ ಮಾಮೂಲಿ ಬಕೆಟ್ಟೇ 4 ಅಡಿ ಹತ್ತಿರ ಅಗಲ. 223 ಘನ ಮೀಟರ್ ತೆಗೆಯೋ ಕಡೆ 445 ತೆಗೆದು, ಅಷ್ಟನ್ನೂ ಮತ್ತೆ ಮುಚ್ಚಿ ದಮ್ಮಸ್ಸು ಮಾಡಬೇಕು. 2 ಅಡಿ ಬಕೆಟ್ ಜೊತೆಗೇ ಕೇಳಿ ಪಡೀರಿ. ಒಂದಡಿ ಬಕೆಟ್ ಬೇಡ, ಎರೆ ಮಣ್ಣು ಅಂಟಿಕೊಂಡು ಸುರಿದರೂ ಬೀಳಲ್ಲ. ನಾಲೆಯಲ್ಲಿ ನೀರು ಬರೋದು ನಿಂತು ಗದ್ದೆ ಆರಿದ ಮೇಲೆ ಇಳಿಸಿ. ಕೆಸರಲ್ಲಿ ಒಂದು ಚೈನ್ ನಿಲ್ಲಿಸಿ ಇನ್ನೊಂದರಲ್ಲೇ ಗಿರ್ರನೆ ತಿರುಗಿಸಿದರೆ ರಬ್ಬರ್ ಚೈನ್ ಕಳಚುತ್ತೆ, ಎರಡೂ ಓಡುವಂತೆ ಅಗಲವಾಗಿ ತಿರುಗಿಸಲಿ. ಸಂಜೆ ಸ್ಪ್ರಾಕೆಟ್ (ಚೈನ್ ತಿರುಗಿಸೋ ಹಲ್ಲಿನ ಚಕ್ರ) ಸಂದಿಯ ಕಬ್ಬಿನ ಕೂಳೆ, ಕಲ್ಲು ಕೆದಕಿ ತೆಗೆಸಿ.

ಮೊಹಲ್ಲಾದಲ್ಲಿ ಇನ್ನೊಂದು: ಹಳೇ ನೀರಿನ ಕನೆಕ್ಷನ್, ಯುಜಿಡಿ (ಒಳಚರಂಡಿ) ಪೈಪು ಎಲ್ಲಿವೆ ಅಂತ ಮೊದಲು ಗುದ್ದಲಿಯಲ್ಲಿ ತೋಡಿಸಿ ಸುಣ್ಣದ ಗೆರೆ ಎಳೆಸಿ. ಕರೆಂಟ್ ತಂತಿ ಬೂಮ್ ಎತ್ತರದಲ್ಲಿದ್ದರೆ ಲೈನ್‌ಮನ್‌ಗೆ ಹೇಳದೆ ಮೆಷಿನ್ ಇಳಿಸಬೇಡಿ.